ಓಟಕ್ಕೆ ಮುಂಚೆ ಮಸಲ್ ರಿಲ್ಯಾಕ್ಸೆಂಟ್ ತಗೊಳ್ಳಬಹುದಾ?

ಲಾಂಗ್ ರನ್‌ನಲ್ಲಿ ಮೀನಖಂಡ ಹಿಡಿದುಕೊಳ್ಳುತ್ತದೆ, ಓಡುವ ಮೊದಲು ಸ್ನಾಯು ಸಡಿಲಿಸುವ ಯಾವ ಮಾತ್ರೆ (ಮಸಲ್ ರಿಲ್ಯಾಕ್ಸೆಂಟ್) ತಗೊಂಡರೆ ಸೈಡ್ ಎಫೆಕ್ಟ್ ಕಡಿಮೆ ಅಂತ ಕೇಳಿದ್ದೀರಿ. ಯಾವುದೂ ಬೇಡ. ಅಂಥದ್ದೇ ಮಾತ್ರೆ ನುಂಗಿ ಓಡಿ, ಮಡಿಕೇರಿ ಹತ್ತಿರದ ಬೋಯಿಕೇರಿ ಬಳಿ ರಸ್ತೆ ಬದಿಯಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡವನು ನಾನು.

ಆಗ ಮ್ಯಾರಥಾನ್‌ಗೆ ತಯಾರಿ ನಡೆದಿತ್ತು. ಮಡಿಕೇರಿಯಿಂದ ಸುಂಟಿಕೊಪ್ಪದ ಕಡೆಗೆ ಇಳಿಯುವ ರಸ್ತೆಯಲ್ಲೇ ನನ್ನ ಓಟ. ವಾಚ್‌ನಲ್ಲಿ ಪೇಸ್ ನೋಡಿದರೆ ಖುಷಿ ಆಗುತ್ತಿತ್ತು, ಇಳಿಜಾರಲ್ಲಿ ಯಾರಿಗೆ ಆಗಲ್ಲ? ಆದರೆ ಕೊನೆಗೆ ಬಂದಾಗ ಮೀನಖಂಡ ಕಲ್ಲಿನ ಹಾಗೆ ಗಟ್ಟಿಯಾಗಿಬಿಡುತ್ತಿತ್ತು. ಮೆಡಿಕಲ್ ಶಾಪ್‌ನಲ್ಲಿ ಹೇಳಿದೆ. "ಇದೊಂದು ಹಾಕಿ ಅಣ್ಣ, ಸಡಿಲ ಆಗ್ತದೆ" ಅಂತ ಒಂದು ಸ್ಟ್ರಿಪ್ ಕೊಟ್ಟರು. ಚೀಟಿ ಕೇಳಲಿಲ್ಲ, ನಾನೂ ಹಿಂದೆ ತಿರುಗಿಸಿ ಓದಲಿಲ್ಲ. ಅದರಲ್ಲಿದ್ದದ್ದು ನೋವಿಗೆ ಅಸೆಕ್ಲೋಫೆನಾಕ್ ಮತ್ತು ಪ್ಯಾರಾಸಿಟಮಾಲ್, ಸ್ನಾಯು ಸಡಿಲಿಸಲು ಟಿಜಾನಿಡಿನ್ 2 ಮಿಲಿಗ್ರಾಂ, ಮೂರೂ ಒಂದೇ ಮಾತ್ರೆಯಲ್ಲಿ.

ರಾತ್ರಿ ತಗೊಂಡರೆ ಒಳ್ಳೆ ನಿದ್ದೆ, ಬಾಯಿ ಒಣಗುತ್ತಿತ್ತು, ಅಷ್ಟೇ. ಹಾಗಾಗಿ ಓಟಕ್ಕೆ ಮುಂಚೆಯೇ ಒಂದು ಹಾಕಿದರೆ ಕಾಲು ಹಿಡಿಯುವುದೇ ಇಲ್ಲ ಅಂದುಕೊಂಡೆ. ಇದೂ ದಡ್ಡತನವೇ, ಆದರೆ ನನ್ನನ್ನು ಬೀಳಿಸಿದ್ದು ಇದೊಂದೇ ಅಲ್ಲ.

ಹಿಂದಿನ ದಿನ ಮದುವೆ ಊಟ ಮಾಡಿ ಹೊಟ್ಟೆ ಕೆಟ್ಟಿತ್ತು. ಮನೆಯ ಡಬ್ಬಿಯಲ್ಲಿ ಹಳೇ ಸಿಪ್ರೋಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ಮಾತ್ರೆ ಉಳಿದಿತ್ತು. ರಾತ್ರಿ ಒಂದು ನುಂಗಿದೆ. ಬೆಳಗ್ಗೆ ಇನ್ನೊಂದು, ಅದರ ಜೊತೆಗೇ ಟಿಜಾನಿಡಿನ್ ಮಾತ್ರೆ, ಮೇಲೆ ಒಂದು ಲೋಟ ಕಾಫಿ.

ಇದನ್ನು ಸ್ವಲ್ಪ ಜಾಸ್ತಿಯೇ ವಿವರಿಸುತ್ತೇನೆ, ಯಾಕೆಂದರೆ ಯಾರೂ ಹೇಳುವುದಿಲ್ಲ. ನಾವು ನುಂಗಿದ ಟಿಜಾನಿಡಿನ್‌ನ ಬಹುಪಾಲನ್ನು ಲಿವರ್, ರಕ್ತಕ್ಕೆ ಸೇರುವ ಮೊದಲೇ ಒಡೆದು ಹಾಕುತ್ತದೆ. ಆ ಕೆಲಸ ಮಾಡುವ ಎಂಜೈಮ್‌ನ ಹೆಸರು ಸಿವೈಪಿ1ಎ2. ಸಿಪ್ರೋಫ್ಲಾಕ್ಸಾಸಿನ್ ಅದನ್ನು ತಡೆಯುತ್ತದೆ. ಆರೋಗ್ಯವಂತರ ಮೇಲೆ ಪರೀಕ್ಷೆ ಮಾಡಿದಾಗ ದೇಹಕ್ಕೆ ಸಿಕ್ಕ ಟಿಜಾನಿಡಿನ್ ಸುಮಾರು 10 ಪಟ್ಟು ಏರಿತ್ತು. ಅಂದರೆ ನುಂಗಿದ್ದು 2 ಮಿಲಿಗ್ರಾಂ, ಮೈಗೆ ಆದದ್ದು 20ರ ಕೆಲಸ. ಇವೆರಡನ್ನೂ ಒಟ್ಟಿಗೆ ಕೊಡಲೇಬಾರದು. ಕೆಲವರು ಖಿನ್ನತೆಗೆ ತಗೊಳ್ಳುವ ಫ್ಲೂವಾಕ್ಸಮೈನ್‌ಗೂ ಇದೇ ನಿಯಮ. ಕಾಫಿಯ ಕೆಫೀನನ್ನು ಒಡೆಯುವುದೂ ಇದೇ ಎಂಜೈಮ್. ಕೊಡಗಿನವರು ಇಷ್ಟಾದರೂ ತಿಳಿದುಕೊಂಡಿರಬೇಕು ಅಲ್ವಾ!

ಟಿಜಾನಿಡಿನ್ ಬಿಪಿ ಇಳಿಸುತ್ತದೆ. ಹೊಟ್ಟೆ ಕೆಟ್ಟು ಮೈಯಲ್ಲಿ ನೀರು ಮೊದಲೇ ಕಡಿಮೆ. ಓಡುತ್ತಿರುವಾಗ ಏನೂ ಗೊತ್ತಾಗಲಿಲ್ಲ, ಕಾಲು ರಕ್ತವನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ. ಲೇಸ್ ಕಟ್ಟಲು ಬಗ್ಗಿ ಎದ್ದೆ. ಕಣ್ಣು ಕತ್ತಲೆ ಬಂತು. ಎಚ್ಚರ ಆದಾಗ ಜೀಪ್ ನಿಲ್ಲಿಸಿದ ಯಾರೋ ಅಣ್ಣ ಮುಖಕ್ಕೆ ನೀರು ಹಾಕುತ್ತಿದ್ದರು. ಆಸ್ಪತ್ರೆಯಲ್ಲಿ ಬಿಪಿ 80/50. ಡಾಕ್ಟರ್ ಕೇಳಿದ್ದು ಒಂದೇ: "ಎರಡನ್ನೂ ಒಟ್ಟಿಗೆ ತಗೊಂಡ್ರಾ?" ಆ ವರ್ಷದ ಮ್ಯಾರಥಾನ್ ಅಲ್ಲಿಗೇ ಮುಗಿಯಿತು.

ಈಗ ನಿಮ್ಮ ಪ್ರಶ್ನೆ. ಈ ಮಾತ್ರೆಗಳು ಕಾಲಿನ ಮೇಲೆ ಕೆಲಸ ಮಾಡುವುದೇ ಇಲ್ಲ, ಮೆದುಳು ಮತ್ತು ಬೆನ್ನುಹುರಿಯ ಮೇಲೆ ಮಾಡುತ್ತವೆ. ಅದಕ್ಕೇ ತೂಕಡಿಕೆ, ತಲೆ ಸುತ್ತು. ಟಿಜಾನಿಡಿನ್ ಮುಖ್ಯವಾಗಿ ಸ್ಟ್ರೋಕ್, ಬೆನ್ನುಹುರಿಯ ಪೆಟ್ಟಿನಂಥ ತೊಂದರೆಯಿಂದ ಕೈಕಾಲು ಬಿಗಿದವರಿಗೆ. ಓಡುವಾಗ ಕಾಲು ಹಿಡಿಯುವುದು ಹೆಚ್ಚಾಗಿ ದಣಿದ ಸ್ನಾಯುವಿನಿಂದ. ಮಾತ್ರೆಯಲ್ಲಿ ಜೊತೆಗಿರುವ ಅಸೆಕ್ಲೋಫೆನಾಕ್‌ನಂಥ ನೋವಿನ ಔಷಧಿ, ಬೆವರಿ ನೀರು ಕಳೆದುಕೊಂಡವರ ಕಿಡ್ನಿಗೆ ಪೆಟ್ಟು ಕೊಡಬಹುದು. "ಟಿಜಾನಿಡಿನ್ ಬಿಟ್ಟು ಥಯೋಕಾಲ್ಚಿಕೋಸೈಡ್ ತಗೊಳ್ಳಲಾ?" ಅಂತ ಕೇಳಬೇಡಿ, ಅದೂ ಸ್ನಾಯು ಸಡಿಲಿಸುವ ಮಾತ್ರೆಯೇ. ಕ್ರೋಮೋಸೋಮ್‌ಗೆ ತೊಂದರೆ ಮಾಡುವ ಸಾಧ್ಯತೆ ಇದೆ ಅಂತ ಯುರೋಪಿನಲ್ಲಿ ಅದರ ಮಾತ್ರೆಯನ್ನು 7 ದಿನಕ್ಕಿಂತ ಹೆಚ್ಚು ಕೊಡುವಂತಿಲ್ಲ. ಗರ್ಭಿಣಿಯರಿಗೆ ಕೊಡುವಂತೆಯೇ ಇಲ್ಲ.

ಕಾಲು ಹಿಡಿದರೆ ನಿಂತು, ಮಂಡಿ ನೇರ ಮಾಡಿ, ಪಾದದ ತುದಿಯನ್ನು ನಿಮ್ಮ ಕಡೆಗೆ ಎಳೆಯಿರಿ. ಬೇಗ ಬಿಡುತ್ತದೆ. ನಾನು ಈಗ ಇಳಿಜಾರಲ್ಲಿ ಪೇಸ್ ಕಡಿಮೆ ಮಾಡುತ್ತೇನೆ, ಮೆಟ್ಟಿಲ ತುದಿಯಲ್ಲಿ ನಿಂತು ಹಿಮ್ಮಡಿ ಏರಿಸಿ ಇಳಿಸುವ ವ್ಯಾಯಾಮ ಮಾಡುತ್ತೇನೆ. ಓಡದ ದಿನವೂ ಹಿಡಿದರೆ, ಅಥವಾ ಮೂತ್ರ ಕಡು ಕಾಫಿ ಬಣ್ಣಕ್ಕೆ ತಿರುಗಿದರೆ ಸುಮ್ನೆ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ.

ಇನ್ನೊಂದು. ನೀವು ಈಗಾಗಲೇ ಟಿಜಾನಿಡಿನ್ ಅನ್ನು ದಿನವೂ, ಜಾಸ್ತಿ ಡೋಸ್‌ನಲ್ಲಿ ತಗೊಳ್ಳುತ್ತಿದ್ದರೆ, ಇದನ್ನು ಓದಿ ಹೆದರಿ ಒಮ್ಮೆಲೇ ನಿಲ್ಲಿಸಬೇಡಿ. ಬಿಪಿ ತಟ್ಟನೆ ಏರಬಹುದು. ಹೇಗೆ ಇಳಿಸಿಕೊಂಡು ಬರಬೇಕು ಅಂತ ಡಾಕ್ಟರನ್ನೇ ಕೇಳಿ.