ಅವರಿಗೂ ನಾನೇ ಬಡಿಸಿದ್ದು

ಅಡುಗೆಮನೆ ಜಗಳ ಅಂತ ಸಲಹೆ ಕೇಳಿ ನನ್ನ ಹತ್ತಿರ ಬರುವವರು ಈಚೆಗೆ ಜಾಸ್ತಿ ಆಗಿದ್ದಾರೆ. ಮೊದಲೆಲ್ಲ ಯಾರು ಎಷ್ಟು ಕೆಲಸ ಮಾಡುತ್ತಾರೆ ಅನ್ನುವುದಕ್ಕೆ ಜಗಳ. ಈಗ ಏನು ಬೇಯಿಸುತ್ತಾರೆ ಅನ್ನುವುದಕ್ಕೆ. ಮನೆಯಲ್ಲಿ ಒಬ್ಬರಿಗೆ ಶುಗರ್ರೋ ಬಿಪಿಯೋ ಬರುತ್ತದೆ. ಕಿರಿಯರು ಮೊಬೈಲ್ ನೋಡಿ ಹೊಸ ಅಡುಗೆ ಶುರು ಮಾಡುತ್ತಾರೆ. ಹಿರಿಯರು ಮುನಿಸಿಕೊಳ್ಳುತ್ತಾರೆ. ಶಿರಸಿ ಸೀಮೆಯ ಅಂಥ ಒಂದು ಮನೆಯ ವಿಷಯ ಇದು. ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ.

ಅಡಿಕೆ ತೋಟದ ಮನೆ. ಮಗನಿಗೆ ನಲವತ್ತು ದಾಟಿದೆ, ಪೇಟೆಯಲ್ಲಿ ಕೂತು ಮಾಡುವ ಕೆಲಸ. ಸಕ್ಕರೆ ಕಾಯಿಲೆ ಅಂತ ಗೊತ್ತಾಗಿ ಮಾತ್ರೆ ಶುರುವಾಯಿತು. ಹೆಂಡತಿ ಕೈಕಟ್ಟಿ ಕೂರುವವಳಲ್ಲ. ಕಾಬೂಲಿ ಕಡಲೆ ಬೇಯಿಸಿ ರುಬ್ಬುವ ಲೆಬನಾನಿನ ಹಮ್ಮಸ್, ಅಲ್ಲಿಯದೇ ಸೊಪ್ಪಿನ ಕೋಸಂಬರಿಯಂಥ ಟಬೂಲಿ, ಇಟಲಿಯ ತರಕಾರಿ ಸೂಪು ಮಿನೆಸ್ಟ್ರೋನೆ, ಇಥಿಯೋಪಿಯಾದ ಕಡಲೆ ಹಿಟ್ಟಿನ ಶಿರೋ, ಒಂದೊಂದೇ ಕಲಿತಳು. ಹೆಚ್ಚಿನವು ಕಾಳು, ಸೊಪ್ಪು, ತರಕಾರಿಯ ಅಡುಗೆಗಳೇ. ತಾಹಿನಿಗೆ ಬಿಳಿ ಎಳ್ಳನ್ನು ಕೆಂಪಾಗದಂತೆ ಹುರಿದು ನುಣ್ಣಗೆ ರುಬ್ಬುತ್ತಾಳೆ. ಟಬೂಲಿಗೆ ಪಾರ್ಸ್ಲಿ ಸೊಪ್ಪು ಸಿಗುವುದಿಲ್ಲ, ಕೊತ್ತಂಬರಿ ಪುದೀನ ಹಾಕುತ್ತಾಳೆ. ಅದಕ್ಕೆ ಸೇರಿಸುವ ಬಲ್ಗರ್ ಅಂದರೆ ಗೋಧಿಯನ್ನು ಮೊದಲು ಬೇಯಿಸಿ, ಒಣಗಿಸಿ ಒಡೆದದ್ದು, ನಮ್ಮ ಗೋಧಿ ನುಚ್ಚು ಹಾಗಲ್ಲ, ಅದಕ್ಕೇ ಒಮ್ಮೆ ಮುದ್ದೆಯಾಯಿತು ಮೇಡಂ ಅಂದಳು. ಇದನ್ನೆಲ್ಲ ಹೇಳುವಾಗ ಅವಳ ಮುಖ ಅರಳಿತ್ತು. ಅದನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಂಡೆ.

ಅತ್ತೆ ಅದರಲ್ಲಿ ಒಂದು ತುತ್ತೂ ಮುಟ್ಟುತ್ತಿರಲಿಲ್ಲ. ತಮ್ಮಷ್ಟಕ್ಕೆ ಅನ್ನ, ತಂಬುಳಿ ಮಾಡಿಕೊಂಡು ಎಲ್ಲರಿಗಿಂತ ಮೊದಲೇ ಉಂಡು ಏಳುತ್ತಿದ್ದರು. ಒಂದು ರಾತ್ರಿ ಮಗ ಮಾತ್ರೆ ತಗೊಂಡು ಬರೀ ಸೂಪು, ಹಸಿ ತರಕಾರಿ ತಿಂದು ಮಲಗಿದ. ಸ್ವಲ್ಪ ಹೊತ್ತಿಗೆ ಮೈ ಬೆವರಿ, ಕೈಕಾಲು ನಡುಗತೊಡಗಿತು. ಓಡಿಬಂದು ಸಕ್ಕರೆ ನೀರು ಕುಡಿಸಿದ್ದು ತಾಯಿ. ಮಗ ಸುಧಾರಿಸಿಕೊಂಡ. ಆದರೆ ಅಷ್ಟು ದಿನ ಒಳಗೇ ಇದ್ದ ಮಾತೆಲ್ಲ ಆ ರಾತ್ರಿ ಹೊರಗೆ ಬಿತ್ತು. ‘ನನ್ನ ಮಗನನ್ನ ಉಪವಾಸ ಕೆಡವಿ ಕೊಲ್ತೀಯಾ?’ ‘ಉಳಿಸೋಕೆ ಒದ್ದಾಡ್ತಿರೋದು ನಾನೇ ಅತ್ತೆ.’ ಅದಾದ ಮೇಲೆ ಇಬ್ಬರಿಗೂ ಮಾತಿಲ್ಲ.

ನಾನು ಮೊದಲು ಹೇಳಿದ್ದು ಡಾಕ್ಟರ ಹತ್ತಿರ ಹೋಗಿ ಅಂತ. ಇದು ಓದುವವರಿಗೂ ಬೇಕಾದ ಮಾತು. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಅನ್ನ, ರೊಟ್ಟಿಯನ್ನು ಏಕಾಏಕಿ ಕಡಿಮೆ ಮಾಡಿದರೆ ರಕ್ತದ ಸಕ್ಕರೆ ತೀರಾ ಕೆಳಗೆ ಇಳಿಯಬಹುದು. ಅದು ಅಪಾಯ. ಊಟ ಬದಲಾಯಿಸುವ ಮೊದಲೇ ಡಾಕ್ಟರಿಗೆ ಹೇಳಬೇಕು, ಮಾತ್ರೆಯ ಪ್ರಮಾಣ ಅವರು ನೋಡುತ್ತಾರೆ. ಇನ್ನೊಂದು. ಹೊರದೇಶದ ಅಡುಗೆ ಅಂದ ಮಾತ್ರಕ್ಕೆ ಶುಗರ್‌ಗೆ ಒಳ್ಳೆಯದು ಅಂತಲ್ಲ. ಪಾಸ್ತಾ, ಕುಸ್‌ಕುಸ್ ಎರಡೂ ಗೋಧಿಯೇ. ತಟ್ಟೆ ತುಂಬ ತಿಂದರೆ ಅನ್ನ ತಿಂದ ಹಾಗೇ.

ಡಾಕ್ಟರು ಮಾತ್ರೆ ಬದಲಿಸಿದರು. ಜಗಳ ಹಾಗೇ ಇತ್ತು.

ಮುಂದಿನ ಸಲ ಅತ್ತೆಯೊಬ್ಬರನ್ನೇ ಕರೆದೆ. ಬಂದರು, ಆದರೆ ಕುರ್ಚಿಯ ತುದಿಗೆ ಕೂತರು. ಚೀಲ ತೊಡೆಯ ಮೇಲೇ ಇತ್ತು. ನಾನು ಸೊಸೆಯ ಮಾತನ್ನೇ ಎತ್ತಲಿಲ್ಲ. ‘ಅಮ್ಮ, ನೀವು ಮದುವೆಯಾಗಿ ಬಂದಾಗ ಆ ಮನೆಯಲ್ಲಿ ಏನೇನು ಅಡುಗೆ ಮಾಡ್ತಿದ್ರಿ?’ ಅಂದೆ.

ಮೊದಲು ‘ಎಂತ ಮಣ್ಣು, ಎಲ್ಲರ ಮನೆ ಹಾಗೇ’ ಅಂದರು. ಆಮೇಲೆ ಮಾತು ಬಂತು. ಮಳೆಗಾಲದಲ್ಲಿ ಪತ್ರೊಡೆ, ಒಂದೆಲಗದ ತಂಬುಳಿ. ಬೇಸಿಗೆಯಲ್ಲಿ ಅಪ್ಪೆಹುಳಿ. ಹಲಸಿನ ಹಣ್ಣಿನ ಕಡುಬು. ಆಲೆಮನೆ ಶುರುವಾದರೆ ಕಬ್ಬಿನ ಹಾಲಲ್ಲಿ ತೊಡದೇವು ಅನ್ನುವ ತೆಳು ಸಿಹಿ. ಬೋರಲು ಮಡಕೆಯ ಮೇಲೆ ಹಿಟ್ಟು ಎಳೆದ ಕೂಡಲೇ ಮಡಿಸಿ ತೆಗೆಯಬೇಕು, ಒಂದು ಗಳಿಗೆ ತಡವಾದರೂ ಮುರಿಯುತ್ತದೆ ಅಂತ ಕೈ ಆಡಿಸಿ ತೋರಿಸಿದರು. ಗಂಡನಿಗೆ ತೊಡದೇವು ಅಂದರೆ ಜೀವ. ಅವರಿಗೂ ಸಕ್ಕರೆ ಕಾಯಿಲೆ ಇತ್ತು. ಸಿಹಿ ಬೇಡ, ಅನ್ನ ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿದ್ದರು. ಅವರು ಕೇಳುತ್ತಿರಲಿಲ್ಲ. ಕೇಳಿದ್ದನ್ನು ಇವರು ಇಲ್ಲ ಅನ್ನುತ್ತಿರಲಿಲ್ಲ. ಅವರು ತೀರಿಕೊಂಡು ವರ್ಷಗಳಾದವು.

ಅಷ್ಟು ಹೇಳಿ ಸುಮ್ಮನಾದರು. ನಾನೂ ಮಾತಾಡಲಿಲ್ಲ. ಆಮೇಲೆ ಅವರೇ ಅಂದರು: ‘ಅವರಿಗೂ ನಾನೇ ಬಡಿಸಿದ್ದು ತಂಗಿ. ಮಾಣಿಗೂ ನಾನೇ ಬಡಿಸಿದ್ದು. ಇವಳು ದಿನಾ ಹೊಸ ಹೊಸ ಅಡುಗೆ ತಂದಿಡುವಾಗ, ನಿಮ್ಮ ಕೈಯಿಂದಲೇ ಆದದ್ದು ಇದು ಅಂತ ಹೇಳಿದ ಹಾಗೆ ಆಗ್ತದೆ ನನಗೆ.’

ಸೊಸೆ ಅಂಥ ಮಾತು ಒಮ್ಮೆಯೂ ಆಡಿರಲಿಲ್ಲ. ಆಡಬೇಕಾಗಿಯೂ ಇರಲಿಲ್ಲ. ಗಂಡನನ್ನು ಕಳೆದುಕೊಂಡಾಗಿನಿಂದ ಈ ಮಾತನ್ನು ಅವರೇ ತಮಗೆ ಹೇಳಿಕೊಳ್ಳುತ್ತಿದ್ದರು. ಅಡುಗೆಯೇ ಬದುಕಾಗಿದ್ದ ಹೆಂಗಸಿಗೆ ‘ಇನ್ನು ಮೇಲೆ ಆರೋಗ್ಯದ ಅಡುಗೆ’ ಅಂದರೆ ಹಿಂದಿನದೆಲ್ಲ ಅನಾರೋಗ್ಯದ್ದು ಅಂತಲೇ ಕೇಳುತ್ತದೆ. ಇಂಥ ಮನೆಗಳಲ್ಲಿ ನಾನು ಮತ್ತೆ ಮತ್ತೆ ಕಂಡದ್ದು ಇದನ್ನೇ. ನಾವು ಅದಕ್ಕೆ ಹಟ ಅಂತ ಹೆಸರಿಡುತ್ತೇವೆ.

ನಾನು ಅವರಿಗೆ ಸುಳ್ಳು ಸಮಾಧಾನ ಹೇಳಲಿಲ್ಲ. ಅನ್ನಕ್ಕೂ ಕಾಯಿಲೆಗೂ ಸಂಬಂಧವೇ ಇಲ್ಲ ಅಂದರೆ ಅವರು ನಂಬುತ್ತಲೂ ಇರಲಿಲ್ಲ. ಈ ಕಾಯಿಲೆಗೆ ಕಾರಣ ಒಂದಲ್ಲ ಅಂದೆ. ಅಪ್ಪನಿಗೆ ಇದ್ದರೆ ಮಗನಿಗೆ ಬರುವ ಸಾಧ್ಯತೆ ಜಾಸ್ತಿ. ವಯಸ್ಸು, ತೂಕ, ಕೂತು ಮಾಡುವ ಕೆಲಸ, ಎಲ್ಲ ಸೇರುತ್ತದೆ. ‘ನಿಮ್ಮ ಮಾವ ಎಷ್ಟು ಅನ್ನ ಉಣ್ತಿದ್ರು?’ ಅಂತ ಕೇಳಿದೆ. ‘ಇವನ ಎರಡರಷ್ಟು’ ಅಂದರು. ‘ಬೆಟ್ಟದಿಂದ ಸೊಪ್ಪು ಹೊರೋದು ಯಾರು?’ ‘ಅವರೇ.’ ಅಷ್ಟು ಹೇಳಿ, ಒಂದು ಕ್ಷಣ ಬಿಟ್ಟು, ಚೀಲ ಕೆಳಗಿಟ್ಟರು.

ಹೊರಡುವಾಗ ಇನ್ನೊಂದು ವಿಷಯ ಹೇಳಿದರು. ‘ಅದಕ್ಕೆಲ್ಲ ಬೆಳ್ಳುಳ್ಳಿ ಹಾಕ್ತಾಳೆ. ನಾನು ಬೆಳ್ಳುಳ್ಳಿ ತಿಂತೇನಾ?’ ಇದನ್ನು ಆ ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ!

ಸೊಸೆಗೆ ನಾನು ಕೊಟ್ಟ ಸಲಹೆ ಹೀಗಿತ್ತು. ಅತ್ತೆಯ ಅಡುಗೆಯನ್ನು ಊಟದಿಂದ ತೆಗೆಯಬೇಡ, ಅದರ ಪಕ್ಕಕ್ಕೆ ನಿನ್ನದನ್ನು ಇಡು. ತಂಬುಳಿ ಇರಲಿ, ಅನ್ನದ ಪಾಲು ಸಣ್ಣದಾಗಲಿ, ಕಾಳಿನ ಪಾಲು ದೊಡ್ಡದಾಗಲಿ. ಹೊಸ ಅಡುಗೆ ವಾರಕ್ಕೆ ಎರಡು ಮೂರು ದಿನ ಸಾಕು. ‘ಇದು ಹೆಲ್ದಿ’ ಅನ್ನುವ ಮಾತನ್ನು ಊಟದ ಹೊತ್ತಿಗೆ ಆಡಲೇಬೇಡ, ರುಚಿಯ ಮಾತಾಡು. ಬೆಳ್ಳುಳ್ಳಿ ಈರುಳ್ಳಿ ಬೀಳುವ ಮೊದಲು ಅವರಿಗೊಂದು ಪಾಲು ಬೇರೆ ತೆಗೆದಿಡು. ಅವರು ತಿಂದರೂ ತಿನ್ನದಿದ್ದರೂ ತೆಗೆದಿಡು.

ಈ ಸಲಹೆಗೆ ಆಕ್ಷೇಪ ಬಂದಿದೆ. ನನ್ನ ಜೊತೆ ಕೆಲಸ ಮಾಡುವವರೇ ಕೇಳಿದರು, ‘ನಮ್ಮ ಊರಿನ ಅಡುಗೆಯಲ್ಲೇ ಸೊಪ್ಪು, ಕಾಳು, ಮಜ್ಜಿಗೆ ಎಲ್ಲ ಇದೆ. ಹಮ್ಮಸ್ ಬಿಡು, ತಂಬುಳಿ ಮಾಡು ಅಂದಿದ್ದರೆ ಮುಗೀತಿತ್ತಲ್ಲ?’ ಮುಗಿಯುತ್ತಿರಲಿಲ್ಲ. ಆ ಹುಡುಗಿಯ ಮುಖ ಅರಳುವುದನ್ನು ನಾನು ನೋಡಿದ್ದೇನೆ. ಗಂಡನ ಕಾಯಿಲೆಯ ಭಯವನ್ನು ಅವಳು ಕಲಿಕೆಯಾಗಿ ಬದಲಿಸಿಕೊಂಡಿದ್ದಳು. ಅದನ್ನು ಕಿತ್ತುಕೊಂಡರೆ ಉಳಿಯುವುದು ಭಯ ಮಾತ್ರ. ಅತ್ತೆಯ ದುಃಖಕ್ಕೆ ಜಾಗ ಮಾಡಲು ಸೊಸೆಯ ಸಂತೋಷವನ್ನು ಹೊರಗೆ ಹಾಕುವ ಸಲಹೆ ನನಗೆ ಯಾವತ್ತೂ ಸರಿ ಕಂಡಿಲ್ಲ. ಎಲ್ಲವೂ ನಮ್ಮಲ್ಲೇ ಇತ್ತು ಅನ್ನುವುದೂ ನಿಜವಲ್ಲ. ಇದ್ದದ್ದು ಬಹಳ, ಇಲ್ಲದ್ದೂ ಇದೆ.

ಅವಳಿಗೆ ಇನ್ನೊಂದು ಮಾತು ಹೇಳಿದೆ. ಅವಳು ಮೆಚ್ಚುವ ಮೆಡಿಟರೇನಿಯನ್ ಸಮುದ್ರದ ಸುತ್ತಿನ ದೇಶಗಳ ಊಟವನ್ನು ಯುನೆಸ್ಕೋ 2010ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು. ಹಾಗೆ ಸೇರಿಸಿದ್ದು ಎಣ್ಣೆಯನ್ನೋ ಕಾಳನ್ನೋ ನೋಡಿ ಮಾತ್ರ ಅಲ್ಲ. ಬೆಳೆಯುವುದು, ಬೇಯಿಸುವುದು, ಮುಖ್ಯವಾಗಿ ಜೊತೆಗೆ ಕೂತು ಉಣ್ಣುವುದು, ಎಲ್ಲ ಸೇರಿ. ‘ನೀನು ಅಲ್ಲಿಂದ ಅಡುಗೆ ತಂದೆ, ಕೂತು ಉಣ್ಣೋದನ್ನ ಬಿಟ್ಟು ಬಂದೆ’ ಅಂದೆ. ಸ್ವಲ್ಪ ಕಟುವಾಯಿತೇನೋ, ಆದರೆ ಹೇಳಬೇಕಾದ ಮಾತೇ. ಅತ್ತು ಮುಗಿಸಿ, ‘ಬೆಳ್ಳುಳ್ಳಿ ವಿಷಯ ನನಗೆ ಹೊಳೆಯಲೇ ಇಲ್ಲ ಮೇಡಂ’ ಅಂದಳು.

ಮಾತಿನ ದಾರಿ ತೆರೆದದ್ದು ಬದನೆಕಾಯಿ. ಅವಳು ಬಾಬಾ ಗನೂಶ್ ಮಾಡುವವಳಿದ್ದಳು. ಬದನೆಯನ್ನು ಸುಟ್ಟು, ಸಿಪ್ಪೆ ತೆಗೆದು, ತಾಹಿನಿ, ನಿಂಬೆರಸ ಸೇರಿಸುವ ಅಡುಗೆ. ಗ್ಯಾಸಿನ ಮೇಲೆ ಸುಡುತ್ತಿದ್ದಳು. ಹೊರಗೆ ಕರಕಲು, ಒಳಗೆ ಗಟ್ಟಿ. ಅತ್ತೆಗೆ ನೋಡಿ ತಡೆಯಲಾಗಲಿಲ್ಲ. ಬದನೆಯನ್ನು ಎತ್ತಿಕೊಂಡು ಹೋಗಿ ಬಚ್ಚಲ ಒಲೆಯ ಕೆಂಡದಲ್ಲಿ ಹೂತರು. ಬಿಸಿ ಬೂದಿ ಮೇಲೆ ಎಳೆದು, ನಡುವೆ ಒಮ್ಮೆ ತಿರುಗಿಸಿ, ತೊಟ್ಟಿನ ಹತ್ತಿರ ಒತ್ತಿದರೆ ಬೆರಳು ಒಳಗೆ ಹೋಗಬೇಕು ಅಂತ ಕಾದು ತೆಗೆದರು. ಸುಟ್ಟ ಬದನೆಯ ಗೊಜ್ಜಿಗೆ ಅವರು ಯಾವಾಗಲೂ ಮಾಡುವುದು ಹೀಗೇ. ಅರ್ಧವನ್ನು ಅವರೇ ಗೊಜ್ಜು ಮಾಡಿದರು. ಇನ್ನರ್ಧ ಸೊಸೆಗೆ. ಎಳ್ಳು ಹಾಕಿದ್ದನ್ನು ಬೆರಳ ತುದಿಯಲ್ಲಿ ನೆಕ್ಕಿ, ‘ಹುಳಿ ಸಾಲದು’ ಅಂದರಂತೆ. ಹಮ್ಮಸ್ ಅವರಿಗೆ ಇವತ್ತಿಗೂ ಸೇರುವುದಿಲ್ಲ. ಸೇರಲೇಬೇಕು ಅಂತಲೂ ಇಲ್ಲ.

ಶಿರೋ ಮಾತ್ರ ಅವರ ಕುತೂಹಲ ಕೆರಳಿಸಿತು. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ವ್ರತ ಹಿಡಿಯುತ್ತಾರೆ, ಆ ದಿನ ಮಾಂಸ, ಮೊಟ್ಟೆ, ಹಾಲು ಏನೂ ಮುಟ್ಟುವುದಿಲ್ಲ, ಕಡಲೆ ಹಿಟ್ಟಿನ ಶಿರೋ ಆಗ ಹೆಚ್ಚು ನಡೆಯುತ್ತದೆ ಅಂತ ಸೊಸೆ ಹೇಳಿದಾಗ, ‘ಹಾಲೂ ಇಲ್ಲವಾ?’ ಅಂತ ಎರಡು ಸಲ ಕೇಳಿದರಂತೆ.

ಮಗನ ವಿಷಯ ಉಳಿಯಿತು. ಅವನು ಇಷ್ಟು ದಿನ ಇಬ್ಬರೂ ಬಡಿಸಿದ್ದನ್ನು ಉಂಡು ಬಾಯಿ ಮುಚ್ಚಿಕೊಂಡಿದ್ದ. ಅದು ಶಾಂತಿ ಕಾಪಾಡುವುದು ಅಂತ ಅವನ ನಂಬಿಕೆ. ಕಾಯಿಲೆ ಅವನದು, ಹೆಂಗಸರಿಬ್ಬರು ಅದನ್ನು ಹೊತ್ತುಕೊಂಡು ಬಡಿದಾಡುತ್ತಿದ್ದರು. ‘ಆಯಿ, ನಿನ್ನಿಂದ ಬಂದ ಕಾಯಿಲೆ ಅಲ್ಲ ಇದು’ ಅನ್ನುವ ಮಾತು ನಾನು ಹೇಳಿದರೆ ಸಾಲದು, ಮಗನ ಬಾಯಿಂದಲೇ ಬರಬೇಕು ಅಂದೆ. ವಾರದಲ್ಲಿ ಒಂದು ರಾತ್ರಿ ಅಡುಗೆಯೂ ಅವನೇ ಮಾಡಲಿ ಅಂದೆ. ಇಡೀ ಮಸೂರ ಜಾಸ್ತಿ, ಅಕ್ಕಿ ಕಡಿಮೆ ಹಾಕಿ ಮಾಡುವ ಮುಜದ್ದರ ಅವನಿಗೆ ಸುಲಭವಾಗಿ ಬರುತ್ತದೆ, ಕೆಂಪಗೆ ಹುರಿದ ಈರುಳ್ಳಿಯನ್ನು ಬೇರೆ ಬಟ್ಟಲಲ್ಲಿ ಇಟ್ಟರಾಯಿತು. ಅಡುಗೆ ಶುರು ಮಾಡಿದ್ದಾನೆ. ತಾಯಿಗೆ ಹೇಳಬೇಕಾದ ಮಾತನ್ನು ಇನ್ನೂ ಹೇಳಿಲ್ಲ. ಅದಕ್ಕೇ ಮುಂದಿನ ಸಲ ತಾಯಿ ಮಗ ಇಬ್ಬರೇ ಬನ್ನಿ ಅಂದಿದ್ದೇನೆ.