ಬೆಟ್ಟದ ನಾಯಿಯ ಮಿಶ್ರತಳಿ ಮರಿ ಕೊಡಗಿನ ಮನೆಗೆ ಒಗ್ಗೀತೇ?

ಪ್ರಶ್ನೆ: ನಾವು ಸೋಮವಾರಪೇಟೆ ತಾಲ್ಲೂಕಿನಲ್ಲಿ ಕಾಫಿ ತೋಟದ ನಡುವೆ ವಾಸವಾಗಿದ್ದೇವೆ. ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳೂ ಮಂಡಿನೋವಿನಿಂದ ಬಳಲುವ ನಮ್ಮ ಅತ್ತೆಯವರೂ ಇದ್ದಾರೆ. ಬೆಂಗಳೂರಿನ ಪರಿಚಯದವರೊಬ್ಬರು ಬರ್ನೀಸ್ ಮೌಂಟನ್ ಡಾಗ್ ತಾಯಿಗೂ ಲ್ಯಾಬ್ರಡಾರ್ ತಂದೆಗೂ ಹುಟ್ಟಿದ ಮರಿಗಳನ್ನು ಮಾರುತ್ತಿದ್ದಾರೆ. ಮರಿಗಳಿಗೆ ಈಗ ಐದು ವಾರ. ಬೆಟ್ಟದ ತಳಿಯಾದ್ದರಿಂದ ಕೊಡಗಿನ ಹವೆಗೆ ಹೊಂದಿಕೊಳ್ಳುತ್ತದೆ, ಮಿಶ್ರತಳಿಯಾದ್ದರಿಂದ ಕಾಯಿಲೆ ಬರುವುದಿಲ್ಲ ಎನ್ನುತ್ತಾರೆ. ಮಳೆ ಹಿಡಿಯುವ ಮೊದಲೇ, ಮುಂದಿನ ವಾರ ತರಬಹುದೇ? ಯಾವ ಮರಿಯನ್ನು ಆರಿಸಬೇಕು?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಮುಂದಿನ ವಾರ ಖಂಡಿತ ಬೇಡ. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು 2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮಗಳೇ ಹೇಳುತ್ತವೆ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಮರಿ ಈ ವಾರಗಳಲ್ಲಿ ತಾಯಿಯಿಂದಲೂ ಒಡಹುಟ್ಟಿದವುಗಳಿಂದಲೂ ಕಲಿಯುತ್ತದೆ. ಈ ಪಾಠ ತಪ್ಪಿದ ಮರಿಯ ಚೂಪು ಹಲ್ಲುಗಳಿಗೆ ಮೊದಲು ಸಿಗುವುದು ನಿಮ್ಮ ಮಕ್ಕಳ ಕೈಗಳೇ.

ಇನ್ನು ಹವೆಯ ಮಾತು. ಬರ್ನೀಸ್ ತಳಿ ಸ್ವಿಟ್ಜರ್ಲೆಂಡಿನ ಬರ್ನ್ ಸುತ್ತಮುತ್ತಲ ಹಳ್ಳಿಗಳದ್ದು. ದನ ಕಾಯುವುದು, ಹಾಲಿನ ಗಾಡಿ ಎಳೆಯುವುದು ಅದರ ಕೆಲಸವಾಗಿತ್ತು. ಹಿಮದ ಚಳಿಯನ್ನು ತಡೆಯಲೆಂದೇ ಅದಕ್ಕೆ ಎರಡು ಪದರದ ದಟ್ಟ ಕೂದಲಿದೆ. ಆದರೆ ಬರ್ನ್ ನಗರದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 1,000 ಮಿ.ಮೀ. ಇದ್ದರೆ ಮಡಿಕೇರಿಯಲ್ಲಿ ಅದು 3,000 ಮಿ.ಮೀ. ದಾಟುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ನಮ್ಮದು ಚಳಿಗಿಂತ ಹೆಚ್ಚಾಗಿ ತೇವದ ಊರು. ಒದ್ದೆಯಾದ ಒಳಕೂದಲು ದಿನವಿಡೀ ಒಣಗದೆ ಉಳಿದರೆ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ, ಜೋಲು ಕಿವಿಯೊಳಗೆ ಸೋಂಕು ಕೂರುತ್ತದೆ, ತೋಟದಲ್ಲಿ ಹತ್ತಿದ ಉಣುಗು ಕಣ್ಣಿಗೇ ಬೀಳುವುದಿಲ್ಲ. ಉಣುಗಿನಿಂದ ಬರುವ ಜ್ವರ ನಾಯಿಯ ರಕ್ತವನ್ನೇ ಬತ್ತಿಸಿ ಪ್ರಾಣಕ್ಕೆ ಎರವಾಗಬಲ್ಲದು. ಹಾಗಾಗಿ ನೀವು ಮೊದಲು ತೀರ್ಮಾನಿಸಬೇಕಾದದ್ದು ಇಷ್ಟು: ಮಳೆಗಾಲದ ಪ್ರತಿ ಸಂಜೆ ನಾಯಿಯನ್ನು ಒರೆಸಿ, ಕಿವಿಯ ಹಿಂಭಾಗ, ಬೆರಳ ಸಂದು, ಬಾಲದ ಬುಡವನ್ನು ಬೆರಳಿನಿಂದ ತಡವಿ ನೋಡಲು ಮನೆಯಲ್ಲಿ ಒಬ್ಬರಿಗೆ ನಿಜವಾಗಿಯೂ ಬಿಡುವಿದೆಯೇ? ಇಲ್ಲವೆಂದಾದರೆ ಈ ಮರಿಗಿಂತ ನಿಮ್ಮ ಊರಿನಲ್ಲೇ ಸಿಗುವ, ಗಿಡ್ಡ ಕೂದಲಿನ ಒಂದು ನಾಟಿ ಮರಿ ನಿಮಗೆ ಹೆಚ್ಚು ಒಳ್ಳೆಯದು. ಮನೆ ಕಾಯುವುದರಲ್ಲಿ, ಮಕ್ಕಳನ್ನು ಹಚ್ಚಿಕೊಳ್ಳುವುದರಲ್ಲಿ ಅದು ಯಾವುದಕ್ಕೂ ಕಡಿಮೆಯಲ್ಲ.

ಬಿಡುವಿದೆ ಎಂದಾದರೆ, ಬೆಂಗಳೂರಿಗೆ ಹೋಗಿ ಮರಿಗಿಂತ ಮೊದಲು ತಾಯಿಯನ್ನು ನೋಡಿ. ಅಪರಿಚಿತರನ್ನು ಕಂಡು ಮೂಲೆ ಸೇರುವ ಅಥವಾ ಹಲ್ಲು ಕಿರಿಯುವ ತಾಯಿಯಿದ್ದರೆ ಮರಿಗಳು ಎಷ್ಟೇ ಮುದ್ದಾಗಿದ್ದರೂ ಹಿಂದಿರುಗಿ ಬನ್ನಿ. ತಂದೆ ಶುದ್ಧ ಲ್ಯಾಬ್ರಡಾರ್ ಎಂಬ ಮಾತನ್ನು ಮರಿಗಳ ಮೈಯೇ ಒಂದು ಮಟ್ಟಿಗೆ ಹೇಳುತ್ತದೆ. ನಾಯಿಗಳಲ್ಲಿ ಗಿಡ್ಡ ಕೂದಲಿನ ಗುಣವೇ ಪ್ರಬಲವಾದ್ದರಿಂದ, ಇಂಥ ಜೋಡಿಯ ಮೊದಲ ಪೀಳಿಗೆಯ ಮರಿಗಳಿಗೆ ಸಾಮಾನ್ಯವಾಗಿ ಗಿಡ್ಡ ಕೂದಲೇ ಇರುತ್ತದೆ. ಎಂಟು ವಾರದ ಮರಿಯ ಕಿವಿಯಂಚಿನಲ್ಲಿ, ಹಿಂಗಾಲುಗಳ ಹಿಂಬದಿಯಲ್ಲಿ ಉದ್ದ ಕೂದಲ ಕುಚ್ಚು ಕಂಡರೆ ತಂದೆಯ ಬಗ್ಗೆ ಇನ್ನೊಮ್ಮೆ ವಿಚಾರಿಸಿ. ಕೊಡಗಿಗಂತೂ ಗಿಡ್ಡ ಕೂದಲಿನದ್ದೇ ಲೇಸು; ಬಣ್ಣಕ್ಕೆ ಮಾರುಹೋಗಬೇಡಿ.

ಮಿಶ್ರತಳಿಗೆ ಕಾಯಿಲೆ ಬರುವುದಿಲ್ಲವೆಂಬುದು ಅರ್ಧ ಸತ್ಯ. ಬರ್ನೀಸ್ ನಾಯಿಗಳಿಗೆ ಕ್ಯಾನ್ಸರ್ ಬಾಧೆ ಹೆಚ್ಚು, ಆಯಸ್ಸು ಎಂಟು ವರ್ಷದ ಆಸುಪಾಸು. ಬೇರೆ ತಳಿ ಬೆರೆತಾಗ ಈ ಅಪಾಯ ತಗ್ಗುವ ಸಾಧ್ಯತೆಯಿದೆ. ಆದರೆ ಸೊಂಟದ ಮತ್ತು ಮೊಣಕೈ ಕೀಲಿನ ದೋಷ ಎರಡೂ ತಳಿಗಳಲ್ಲಿ ಇರುವುದರಿಂದ ಬೆರಕೆಯಿಂದ ಅದು ತಾನಾಗಿ ಮಾಯವಾಗದು. ತಂದೆತಾಯಿಯ ಸೊಂಟದ ಎಕ್ಸ್‌ರೇ ತೆಗೆಸಿದ್ದಾರೆಯೇ ಎಂದು ಸಂಕೋಚವಿಲ್ಲದೆ ಕೇಳಿ.

ಮರಿಗಳ ನಡುವೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತುಕೊಳ್ಳಿ. ಎಲ್ಲವನ್ನೂ ತಳ್ಳಿಕೊಂಡು ಮೊದಲು ಮೈಮೇಲೆ ಹತ್ತುವುದನ್ನೂ ಮೂಲೆಯಲ್ಲಿ ಮುದುಡಿರುವುದನ್ನೂ ಬಿಟ್ಟು, ತಾನಾಗಿ ಬಂದು ಮೂಸಿ, ಆಟಕ್ಕೆ ಹಿಂದಿರುಗಿ, ಮತ್ತೆ ಬರುವ ಮರಿಯನ್ನು ಗಮನಿಸಿ. ಬೀಗದ ಕೈಗೊಂಚಲನ್ನು ಸ್ವಲ್ಪ ದೂರದಲ್ಲಿ ನೆಲಕ್ಕೆ ಬೀಳಿಸಿದಾಗ ಬೆಚ್ಚಿದರೂ ಮರುಕ್ಷಣ ನೋಡಲು ಬರುವ ಮರಿ ಮಕ್ಕಳಿರುವ ಮನೆಗೆ ಹೊಂದುತ್ತದೆ. ಒಸಡು ಗುಲಾಬಿ ಬಣ್ಣದ್ದಾಗಿರಲಿ. ಕಿವಿಯಿಂದ ದುರ್ನಾತ ಬರದಿರಲಿ. ಬೆಳೆದ ನಾಯಿ 30–45 ಕಿಲೋ ತೂಗಬಹುದಾದ್ದರಿಂದ, ಅತ್ತೆಯವರ ಮಂಡಿಯನ್ನು ನೆನೆದು, ಸಾಮಾನ್ಯವಾಗಿ ತುಸು ಹಗುರವಾಗಿ ಬೆಳೆಯುವ ಹೆಣ್ಣು ಮರಿಯನ್ನೇ ನಾನು ಸೂಚಿಸುತ್ತೇನೆ. ಮೇಲೆ ಹಾರದಂತೆ ಮೊದಲ ದಿನದಿಂದಲೇ ಕಲಿಸಿ.

ಮರಿ ಬಂದ ಮೇಲೆ ಪ್ರೀತಿಯಿಂದ ನಡೆಯುವ ಒಂದು ಅಚಾತುರ್ಯವೆಂದರೆ ಕ್ಯಾಲ್ಸಿಯಂ ಸಿರಪ್ ಕುಡಿಸುವುದು. ದೊಡ್ಡ ತಳಿಯ ಮರಿಗೆ ಕ್ಯಾಲ್ಸಿಯಂ ಹೆಚ್ಚಾದರೆ ಮೂಳೆ ಸೊಟ್ಟಗಾಗುತ್ತದೆ. ದೊಡ್ಡ ತಳಿಯ ಮರಿಗಳಿಗೆಂದೇ ಇರುವ ಆಹಾರ ಕೊಡುತ್ತಿದ್ದರೆ ಬೇರೇನೂ ಬೇಡ. ನುಣುಪಾದ ರೆಡ್ ಆಕ್ಸೈಡ್ ನೆಲದ ಮೇಲೆ ಗೋಣಿಯನ್ನೋ ಚಾಪೆಯನ್ನೋ ಹಾಸಿ, ಮೊದಲ ತಿಂಗಳುಗಳಲ್ಲಿ ಮೆಟ್ಟಿಲು ಹತ್ತಿಸಬೇಡಿ. ಪಾರ್ವೊ ಮುಂತಾದ ರೋಗಗಳ ಲಸಿಕೆಯನ್ನು 6–8 ವಾರಕ್ಕೆ ಆರಂಭಿಸಿ, 16 ವಾರ ತುಂಬುವವರೆಗೆ 3–4 ವಾರಗಳಿಗೊಮ್ಮೆ ಹಾಕಿಸಬೇಕು. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ನಮ್ಮ ಮಳೆಗೆ ಇಲಿಜ್ವರದ ಲಸಿಕೆಯನ್ನೂ ಮರೆಯಬಾರದು.

ತೋಟದ ಮನೆಯವರಿಗೆ ಇನ್ನೊಂದು ಎಚ್ಚರಿಕೆ. ಶನಿವಾರಸಂತೆ ಕಡೆ ಆಫ್ರಿಕನ್ ಬಸವನಹುಳುವಿನ ಕಾಟಕ್ಕೆ ಹಾಕುವ ಮೆಟಾಲ್ಡಿಹೈಡ್ ಗುಳಿಗೆ ನಾಯಿಗೆ ಘೋರ ವಿಷ, ಅದರ ವಾಸನೆಗೆ ನಾಯಿಗಳು ಒಲಿಯುವುದೂ ಉಂಟು. ಕಣದಲ್ಲಿ ಹರಡಿದ ಕಾಫಿ ಬೀಜವೂ ಅಪಾಯವೇ. ಗುಳಿಗೆ ಹಾಕಿದ ದಿನ ಮರಿಯನ್ನು ಕಟ್ಟಿಹಾಕಿ. ನಡುಕ, ಸೆಳವು ಕಂಡರೆ ಮನೆಮದ್ದಿಗೆ ಹೊತ್ತು ಕಳೆಯದೆ, ಗುಳಿಗೆಯ ಪೊಟ್ಟಣವನ್ನೂ ಹಿಡಿದುಕೊಂಡು ಪಶುವೈದ್ಯರ ಬಳಿಗೆ ಹೊರಡಿ.