ಮೂರು ನಿಮಿಷದ ಗಣಿತ

ಕೋವಿಡ್‌ನಿಂದ ಶಾಲೆ ಮುಚ್ಚಿ ಪಾಠ ಫೋನಿಗೆ ಬಂದಿದ್ದ 2020ರಲ್ಲಿ, ಸರ್ಕಾರಿ ಪ್ರೌಢಶಾಲೆಯಲ್ಲಿ ಎಂಟನೇ ತರಗತಿಗೆ ಗಣಿತ ಕಲಿಸುವ ಓದುಗರ ಪತ್ರ: ‘42 ಮಕ್ಕಳಲ್ಲಿ ಗೂಗಲ್ ಮೀಟ್‌ಗೆ ಬರುವವರು 15. ಬಂದವರೂ ಬಾಯಿ ಬಿಡುವುದಿಲ್ಲ. ಬೋರ್ಡಿನ ಮೇಲೆ ಬರೆದದ್ದು ಉಲ್ಟಾ ಕಾಣುತ್ತದೆ. ಏನು ಮಾಡಲಿ?’

ಸಂಪಾದಕರ ಉತ್ತರ: ಮೇಷ್ಟ್ರೇ, ಉಲ್ಟಾ ಕಾಣುವುದು ನಿಮ್ಮ ಪರದೆಯಲ್ಲಿ ಮಾತ್ರ, ಮಕ್ಕಳಿಗೆ ಅಕ್ಷರ ನೇರವಾಗಿಯೇ ಕಾಣುತ್ತದೆ. ಆದರೂ ಬೋರ್ಡನ್ನು ಬಿಟ್ಟುಬಿಡಿ. ಸಣ್ಣ ಮೊಬೈಲಿನಲ್ಲಿ ಅದನ್ನು ಓದಲಾಗದು.

ಬರದ 27 ಮಕ್ಕಳು ಸೋಮಾರಿಗಳಲ್ಲ. ಎಷ್ಟೋ ಮನೆಗಳಲ್ಲಿ ಇರುವ ಒಂದೇ ಫೋನು ಬೆಳಿಗ್ಗೆಯೇ ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೊರಟಿರುತ್ತದೆ. ಹಾಗಾಗಿ 45 ನಿಮಿಷದ ಪೀರಿಯಡ್ಡನ್ನು ಇದ್ದ ಹಾಗೇ ಫೋನಿಗೆ ತುರುಕಬೇಡಿ. ಪಾಠವನ್ನು ರೆಕಾರ್ಡ್ ಮಾಡಿ ಕಳಿಸಿ, ರಾತ್ರಿ ಏಳರ ಮೇಲೆ 20 ನಿಮಿಷ ಸಂದೇಹಕ್ಕಷ್ಟೇ ಮೀಟ್ ಇಡಿ.

ರೆಕಾರ್ಡಿಗೆ ಸ್ಟ್ಯಾಂಡ್ ಕೊಳ್ಳಬೇಕಿಲ್ಲ. ಒಂದಡಿ ಎತ್ತರಕ್ಕೆ ಎರಡು ಕಡೆ ಪುಸ್ತಕ ಪೇರಿಸಿ, ಮೇಲೆ ಅಡ್ಡಲಾಗಿ ಪಟ್ಟಿ ಇಟ್ಟು, ಹಿಂಬದಿ ಕ್ಯಾಮೆರಾ ಪಟ್ಟಿಯ ಅಂಚಿನಿಂದ ಆಚೆ ಬರುವಂತೆ ಫೋನ್ ಮಲಗಿಸಿ, ಕೆಳಗೆ ಲೆಕ್ಕ ಬರೆಯುವ ಹಾಳೆ ಇಡಿ. ಬೆಳಕು ಪಕ್ಕದಿಂದ ಬರಲಿ, ನೆತ್ತಿಯ ಮೇಲಿನ ಬಲ್ಬಿನಿಂದ ಫೋನಿನ ನೆರಳು ಲೆಕ್ಕದ ಮೇಲೇ ಬೀಳುತ್ತದೆ. ಕೈ ಆಡಿದಾಗಲೆಲ್ಲ ಚಿತ್ರ ಮಸುಕಾದರೆ, ಶುರುವಿಗೆ ಮುಂಚೆ ಹಾಳೆಯ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ. ಸ್ಕೆಚ್ ಪೆನ್ನಿನಲ್ಲಿ ಹಾಳೆಗೆ ಆರೇಳು ಸಾಲು ಸಾಕು. ಫ್ಯಾನ್ ಆರಿಸಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ.

ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ವಿಡಿಯೊ ಉದ್ದವಾದಷ್ಟೂ ಡೇಟಾ ತಿನ್ನುತ್ತದೆ. ಮೂರು ನಿಮಿಷ ದಾಟಿಸಬೇಡಿ. ಆದ್ದರಿಂದ ಒಂದು ವಿಡಿಯೊಗೆ ಒಂದೇ ಲೆಕ್ಕ. ಡೇಟಾ ಕಡಿಮೆ ಇರುವ ಮನೆಗೆ ಹಾಳೆಯ ಫೋಟೊ, ಜೊತೆಗೊಂದು ವಾಯ್ಸ್ ಮೆಸೇಜ್ ಸಾಕು.

ಮಕ್ಕಳಿಂದ ಉತ್ತರವನ್ನಷ್ಟೇ ತರಿಸಿಕೊಳ್ಳಬೇಡಿ, ಬಿಡಿಸಿದ ಹಂತಗಳ ಫೋಟೊ ಕೇಳಿ. −5 − 3 ಎಂದು ಕೊಟ್ಟರೆ ಒಬ್ಬರು 8 ಬರೆಯುತ್ತಾರೆ: ‘ಮೈನಸ್ ಮೈನಸ್ ಪ್ಲಸ್’ ಎಂಬ ಗುಣಾಕಾರದ ನಿಯಮ ಇಲ್ಲಿ ನುಸುಳಿದೆ. ಇನ್ನೊಬ್ಬರು −2 ಬರೆಯುತ್ತಾರೆ: ಐದರಲ್ಲಿ ಮೂರು ಕಳೆದು ಚಿಹ್ನೆ ಅಂಟಿಸಿದ್ದಾರೆ. ಎರಡೂ ತಪ್ಪೇ, ಆದರೆ ಮದ್ದು ಬೇರೆ ಬೇರೆ. ತರಗತಿಯಲ್ಲಿ ಮುಖ ನೋಡಿ ಹಿಡಿಯುತ್ತಿದ್ದುದನ್ನು ಈಗ ಈ ಫೋಟೊದಲ್ಲಿ ಹಿಡಿಯಬೇಕು.

ಮೀಟ್‌ನಲ್ಲಿ ‘ಅರ್ಥವಾಯಿತಾ?’ ಎಂದು ಎಲ್ಲರನ್ನೂ ಒಟ್ಟಿಗೆ ಕೇಳಿದರೆ ಯಾರೂ ಉತ್ತರಿಸುವುದಿಲ್ಲ. ಹೆಸರು ಹಿಡಿದು ಕೇಳಿ, ಹತ್ತು ಸೆಕೆಂಡ್ ಕಾಯಿರಿ. ಮಗು ಮೈಕ್ ಆನ್ ಮಾಡಿ, ನಿಧಾನದ ನೆಟ್‌ವರ್ಕ್ ದಾಟಿ ಬರಬೇಕಲ್ಲ.

ಇನ್ನು ಫೋನೇ ಇಲ್ಲದವರು. ಶಾಲೆ ಮುಚ್ಚಿದಾಗ ಶಿಕ್ಷಕರೇ ಊರಿಗೆ ಹೋಗಿ ಪಾಠ ಮಾಡುವ ಸರ್ಕಾರದ ‘ವಿದ್ಯಾಗಮ’ ಕಾರ್ಯಕ್ರಮಕ್ಕೆಂದು, ಮನೆಯಲ್ಲಿರುವ ಫೋನಿನ ಸೌಲಭ್ಯ ನೋಡಿ ಮಕ್ಕಳನ್ನು ಮೂರು ಗುಂಪು ಮಾಡಿದ ಪಟ್ಟಿಯಲ್ಲಿ ಅವರ ಹೆಸರುಗಳಿವೆ. ಅದೇ ಹಾಳೆಗಳನ್ನು ಜೆರಾಕ್ಸ್ ಮಾಡಿಸಿ, ಊರಿನ ಜಗಲಿಗೆ ಹೋದಾಗ ಕೊಡಿ, ನೋಟ್‌ಬುಕ್ ಪಡೆದು ಬನ್ನಿ. ಅಲ್ಲೂ ಆ 8 ಮತ್ತು −2 ಇದೆಯೇ ಎಂದು ಹುಡುಕಿ.